ಬೀಡಿ ಮುಟ್ಟದವಳಿಗೂ ದಮ್ಮು!

ಸಂತೆಮರಹಳ್ಳಿಯಲ್ಲಿ ಬಸ್ಸು ಬಂತೆಂದರೆ ಜನ ಓಡುತ್ತಾರೆ. ನಾಲ್ಕು ಹೆಜ್ಜೆಗೇ ಏದುಸಿರು ಬಿಟ್ಟು ನಿಲ್ಲುವ ಹೆಂಗಸರೂ ಇದ್ದಾರೆ. ಕೇಳಿದರೆ, “ವಯಸ್ಸಾಯ್ತು ಕಣಪ್ಪ” ಅಂತಾರೆ. ಬೀಡಿ ಮುಟ್ಟಿದವರಲ್ಲ, ಆದರೆ ಮದುವೆಯಾದ ದಿನದಿಂದ ಸೌದೆ ಒಲೆ ಊದಿದವರು.

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ತಜ್ಞರು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಪರಿಶೀಲಿಸಿ 2013ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ದಿನಕ್ಕೆ ಒಲೆ ಮುಂದೆ ಕೂರುವ ಗಂಟೆಯನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿ. 60 ಮುಟ್ಟಿದರೆ ವರ್ಷಗಟ್ಟಲೆ ಬಿಡದ ಕಫ-ಕೆಮ್ಮಿನ ಭಯ. ದಿನಕ್ಕೆ 3 ಗಂಟೆಯಾದರೆ 20 ವರ್ಷ ಸಾಕು! ಚಾಮರಾಜನಗರವೂ 1997ರವರೆಗೆ ಅದೇ ಜಿಲ್ಲೆಯಲ್ಲಿತ್ತು. ಒಲೆಯೂ ಅದೇ, ಹೊಗೆಯೂ ಅದೇ.

ಎಲ್ಲ ದಮ್ಮೂ ಒಂದೇ ಅಲ್ಲ. ಆಸ್ತಮಾ ಬರುತ್ತೆ, ಹೋಗುತ್ತೆ. ನಡುವೆ ಉಸಿರು ಸಲೀಸು. ಬೀಡಿ, ಒಲೆಹೊಗೆಯಿಂದ ಬರುವ ಸಿಒಪಿಡಿಯಲ್ಲಿ ಕಟ್ಟಿದ ಉಸಿರು ಪೂರ್ತಿ ಬಿಡುವುದಿಲ್ಲ. ಯಾವುದೆಂದು ತಿಳಿಯಲು ಎದೆಗೆ ಕೊಳವೆ ಇಟ್ಟರೆ ಸಾಲದು; ಸ್ಪೈರೋಮೀಟರ್‌ಗೆ ಜೋರಾಗಿ ಊದಿಸಿ ನೋಡಬೇಕು.

“ಪಂಪು ಚಟವಾಗುತ್ತೆ” ಅನ್ನೋದು ಸುಳ್ಳು. ಅದರ ಮದ್ದು ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಗುಳಿಗೆಗಿಂತ ಕಡಿಮೆ ಸಾಕು. ದಮ್ಮು ಇಳೀತು ಅಂತ ತಾವೇ ನಿಲ್ಲಿಸಬಾರದು. ಔಷಧಿ ಅಂಗಡಿಯವರೂ ಚೀಟಿಯಿಲ್ಲದೆ ದಮ್ಮಿನ ಗುಳಿಗೆ ಕೊಟ್ಟು ಕಳಿಸಬಾರದು.

ಸಿಲಿಂಡರ್ ಬಂದ ಮನೆಯಲ್ಲೂ ನೀರೊಲೆಗೆ ಸೌದೆಯೇ. ಹೊಗೆ ಹೋಗಲು ಕಿಂಡಿಯಾದರೂ ಇರಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಊದುವ ಪರೀಕ್ಷೆ ತಪ್ಪದೆ ಸಿಗುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ. ಒಲೆ ಮುಂದೆ ಸವೆದ ಉಸಿರಿಗೆ ವಯಸ್ಸಿನ ಹೆಸರಿಟ್ಟು ಮನೆಗೆ ಕಳಿಸುವುದು ಇನ್ನು ಸಾಕು.