ಕಪಾಟಿನಾಗ ಸಿನಿಮಾಕ್ಕೂ ಜಾಗ ಕೊಡ್ರಿ

ಸಿನಿಮಾದ ಡಿವಿಡಿಗಳನ್ನು ಕೂಡಿಸಿ ಇಡುವವರನ್ನು ಕಂಡರೆ ನಮ್ಮ ಕಡೆ ನಗುವವರೇ ಹೆಚ್ಚು. ಅದರಲ್ಲೂ ಅವು ರಾಕೆಟ್ಟು, ರೋಬೋಟು, ಡೈನೋಸಾರು ಇರುವ ಇಂಗ್ಲಿಷ್ ಸಿನಿಮಾಗಳಾದರೆ ಮುಗಿದೇಹೋಯಿತು. ‘ದುಡದ ರೊಕ್ಕ ಆಟಗಿ ಸಾಮಾನಿಗೆ ಹಾಕ್ಯಾನ ನೋಡ್ರಿ’ ಅಂತಾರ. ‘ಎಲ್ಲಾ ಮೊಬೈಲಿನ್ಯಾಗ ಸಿಗತೈತಿ, ಇವು ಯಾತಕ್ಕ?’ ಅಂತ ಕೇಳತಾರ. ‘ಇವೇನು ನಮ್ಮ ಭಾಷೆಯವ ಏನು?’ ಅಂತ ಮತ್ತೊಬ್ಬರು ಕೂಡಿಸುತ್ತಾರೆ. ಈ ಮೂರೂ ಮಾತು ತಪ್ಪು ಎಂದು ಹೇಳಲಿಕ್ಕೇ ಈ ಲೇಖನ. ಜೊತೆಗೆ, ಕೂಡಿಸುವವರು ಮಾಡುವ ಒಂದು ದೊಡ್ಡ ತಪ್ಪನ್ನೂ ಹೇಳದೆ ಬಿಡುವುದಿಲ್ಲ.

ಮೊದಲು ವಸ್ತು ಯಾವುದೆಂದು ತಿಳಿಯೋಣ. ಬಾಕ್ಸ್ ಸೆಟ್ ಎಂದರೆ ಒಂದು ಪೆಟಗಿ. ಒಂದೇ ಕಥೆಯ ಮೂರೋ ನಾಲ್ಕೋ ಆರೋ ಭಾಗಗಳು ಅದರೊಳಗೆ ಅನುಕ್ರಮವಾಗಿ ಇರುತ್ತವೆ. ಜೊತೆಗೆ ಆ ಸಿನಿಮಾವನ್ನು ಹೇಗೆ ಮಾಡಿದರು ಎಂದು ತೋರಿಸುವ ಬೇರೆ ಡಿಸ್ಕ್‌ಗಳೂ ಬರುತ್ತವೆ. ‘ಏಲಿಯನ್’ ಸಿನಿಮಾದ ನಾಲ್ಕು ಭಾಗಗಳು 2003ರಲ್ಲಿ 9 ಡಿಸ್ಕ್‌ಗಳ ಪೆಟಗಿಯಾಗಿ ಬಂದವು. ಮರುವರ್ಷ ‘ಮ್ಯಾಟ್ರಿಕ್ಸ್’ ಮೂರು ಭಾಗಗಳದ್ದು 10 ಡಿಸ್ಕ್‌ಗಳ ಪೆಟಗಿ ಬಂತು. ಆ ಮ್ಯಾಟ್ರಿಕ್ಸ್ ಪೆಟಗಿಯ ಒಂದು ವಿಶೇಷ ಕೇಳಿರಿ. ಸಿನಿಮಾ ನಡೆಯುತ್ತಿರುವಾಗಲೇ ತತ್ವಜ್ಞಾನಿಗಳು ಅದನ್ನು ಹೊಗಳಿ ಮಾತಾಡಿದ ಧ್ವನಿಯೂ ಅದರಲ್ಲಿದೆ, ಅದೇ ಸಿನಿಮಾ ಸೇರದ ವಿಮರ್ಶಕರು ತೆಗಳಿ ಮಾತಾಡಿದ ಧ್ವನಿಯೂ ಇದೆ. ತಮ್ಮ ಸರಕನ್ನು ಬೈಯುವವರನ್ನೂ ಅದೇ ಪೆಟಗಿಯಲ್ಲಿ ಕೂಡಿಸಿ ಮಾರಿದರು. ಇಂಥದ್ದಕ್ಕೆ ಆಟಗಿ ಸಾಮಾನು ಅನ್ನುವುದೋ, ಪುಸ್ತಕ ಅನ್ನುವುದೋ, ನೀವೇ ಹೇಳ್ರಿ.

ಇನ್ನು ‘ಎಲ್ಲಾ ಮೊಬೈಲಿನ್ಯಾಗ ಐತಿ’ ಎನ್ನುವ ಮಾತು. ಐತಿ ಖರೇ, ಆದರೆ ಅದು ನಿಮ್ಮದಲ್ಲ. ತಿಂಗಳಾ ರೊಕ್ಕ ತುಂಬಿದಷ್ಟು ದಿನ ಬಾಗಿಲು ತೆರೆದಿರುತ್ತದೆ. ಅದೂ ಕಂಪನಿಯ ಕರಾರು ಮುಗಿಯುವ ತನಕ ಮಾತ್ರ. ಒಂದೇ ಕಥೆಯ ಮೊದಲ ಭಾಗ ಒಬ್ಬರ ಹತ್ತಿರ, ಎರಡನೆಯದು ಇನ್ನೊಬ್ಬರ ಹತ್ತಿರ, ಮೂರನೆಯದು ಎಲ್ಲಿಯೂ ಇಲ್ಲ ಎಂಬ ಪರಿಸ್ಥಿತಿ ಇವತ್ತು ಸಾಮಾನ್ಯ. ರೊಕ್ಕ ಕೊಟ್ಟು ಕೊಂಡದ್ದೂ ಉಳಿಯುತ್ತದೆಂಬ ಭರವಸೆ ಇಲ್ಲ. 2009ರಲ್ಲಿ ಅಮೆಜಾನ್ ಕಂಪನಿಯು ಜನ ಕೊಂಡಿದ್ದ ಒಂದು ಪುಸ್ತಕವನ್ನು ಅವರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿತು, ರೊಕ್ಕ ವಾಪಸ್ ಕೊಟ್ಟಿತು. ಆ ಪುಸ್ತಕ ಯಾವುದು ಗೊತ್ತೇನು? ಸರಕಾರ ಹಳೆಯ ಬರಹಗಳನ್ನು ಅಳಿಸಿ ತಿದ್ದುವ ಕಥೆಯುಳ್ಳ ಜಾರ್ಜ್ ಆರ್ವೆಲ್‌ನ ‘1984’. ನಮ್ಮ ವಾಚನಾಲಯದ ಕಪಾಟಿನಲ್ಲಿರುವ ಪುಸ್ತಕವನ್ನು ರಾತ್ರೋರಾತ್ರಿ ಯಾರೂ ಹೀಗೆ ಒಯ್ಯಲಾರರು. ಡಿಸ್ಕ್ ಇರುವ ಪೆಟಗಿಯೂ ಹಾಗೆಯೇ.

ಅಳಿಸುವುದು ಒಂದಾಯಿತು, ತಿದ್ದುವುದು ಇನ್ನೊಂದು. ‘ಸ್ಟಾರ್ ವಾರ್ಸ್’ 1977ರಲ್ಲಿ ತೆರೆಗೆ ಬಂದಾಗ, ಒಂದು ಗುತ್ತಿನಲ್ಲಿ ಹ್ಯಾನ್ ಸೋಲೋ ಎಂಬ ನಾಯಕ ತನ್ನನ್ನು ಹಿಡಿಯಲು ಬಂದವನಿಗೆ ಮೇಜಿನ ಕೆಳಗಿನಿಂದ ಗುಂಡು ಹೊಡೆಯುತ್ತಾನೆ. 1997ರ ಹೊಸ ಆವೃತ್ತಿಯಲ್ಲಿ ಎದುರಿನವನೇ ಮೊದಲು ಹೊಡೆದಂತೆ ತಿದ್ದಿದರು. ನಾಯಕನ ಸ್ವಭಾವವೇ ಬದಲಾಯಿತು. 2004ರ ಡಿವಿಡಿ ಪೆಟಗಿಯಲ್ಲಿ ಬಂದದ್ದು ತಿದ್ದಿದ ಪ್ರತಿ. 2006ರಲ್ಲಿ ಮಾತ್ರ ಹಳೆಯ ಪ್ರತಿಯನ್ನು ಹೆಚ್ಚಿನ ಡಿಸ್ಕ್ ಆಗಿ ಕೂಡಿಸಿ ಮಾರಿದರು. 2011ರ ಬ್ಲೂ-ರೇ ಪೆಟಗಿಯಲ್ಲಿ ಮತ್ತೆ ತಿದ್ದಿದ್ದೇ. ಈಗ ಯಾರಾದರೂ ‘ಮೊದಲು ಹೊಡೆದವನು ಯಾರು?’ ಎಂದು ವಾದ ತೆಗೆದರೆ, 2006ರ ಡಿಸ್ಕ್ ಇಟ್ಟುಕೊಂಡವನ ಕೈಯಲ್ಲಿ ಪುರಾವೆ ಇದೆ. ಮೊಬೈಲ್ ಹಿಡಿದವನಿಗೆ ಕಂಪನಿ ತೋರಿಸಿದ್ದೇ ಸತ್ಯ. ಹೊಲದ ಉತಾರೆಯ ನಕಲನ್ನು ಪೆಟಾರಿಯಲ್ಲಿ ಜೋಪಾನ ಮಾಡುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಜೋಪಾನ ಮಾಡಾಕ ದೊಡ್ಡ ದೊಡ್ಡ ಸಂಸ್ಥೆ ಅದಾವಲ್ರಿ, ನಾವ್ಯಾಕ?’ ಎನ್ನಬಹುದು. ಲಂಡನ್ನಿನ ಬಿಬಿಸಿಗಿಂತ ದೊಡ್ಡ ಸಂಸ್ಥೆ ಬೇಕೇ? 1963ರಿಂದ ನಡೆದ ತನ್ನ ‘ಡಾಕ್ಟರ್ ಹೂ’ ಎಂಬ ವಿಜ್ಞಾನ ಕಲ್ಪನೆಯ ಧಾರಾವಾಹಿಯ ಟೇಪುಗಳನ್ನು ಬಿಬಿಸಿಯೇ ಅಳಿಸಿ ಹಾಕಿತು. ಟೇಪು ತುಟ್ಟಿ, ಜಾಗ ಇಲ್ಲ, ಹಳೆಯದನ್ನು ಯಾರು ಮತ್ತೆ ನೋಡುತ್ತಾರೆ ಎಂಬ ಲೆಕ್ಕ. ಆದರೂ ಆ ಕಳೆದ ಕಂತುಗಳ ಧ್ವನಿ ಇವತ್ತು ಉಳಿದಿದೆ. ಯಾಕೆಂದರೆ ಆಗಿನ ಹುಡುಗರು ಕೆಲವರು ಮನೆಯ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡಿದ್ದರು. 2013ರಲ್ಲಿ 9 ಕಂತುಗಳು ಸಿಕ್ಕದ್ದು ಲಂಡನ್ನಿನಲ್ಲಲ್ಲ, ನೈಜೀರಿಯಾದ ಒಂದು ಟಿವಿ ಕೇಂದ್ರದಲ್ಲಿ. ಇನ್ನೂ ಹಳೆಯದು ಜರ್ಮನಿಯ ‘ಮೆಟ್ರೊಪೊಲಿಸ್’. 1927ರ ಈ ಸಿನಿಮಾದ ಕತ್ತರಿಸಿ ಎಸೆದ ಸುಮಾರು 25 ನಿಮಿಷದ ಭಾಗ 2008ರಲ್ಲಿ ಅರ್ಜೆಂಟೀನಾದಲ್ಲಿ ಪತ್ತೆಯಾಯಿತು. ಅಲ್ಲಿಯ ಒಬ್ಬ ಸಿನಿಮಾ ವಿಮರ್ಶಕ ತನ್ನ ಖಾಸಗಿ ಸಂಗ್ರಹಕ್ಕೆ ಸೇರಿಸಿಕೊಂಡಿದ್ದ ಪ್ರತಿಯಿಂದ ಅದು ಉಳಿದಿತ್ತು. ಅವನನ್ನೂ ಆಗ ನಾಲ್ಕು ಮಂದಿ ನಕ್ಕಿರಬೇಕು.

ದೂರದ ಮಾತು ಸಾಕು, ನಮ್ಮ ಜಿಲ್ಲೆಗೇ ಬರೋಣ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಎಲ್ಲಿ? ಬೆಂಗಳೂರಿನಲ್ಲಲ್ಲ, ನಮ್ಮ ಕೊಲ್ಹಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ವೈ.ವಿ.ರಾವ್ ನಿರ್ದೇಶಕರು, ಸುಬ್ಬಯ್ಯ ನಾಯ್ಡು ಇಂದ್ರಜಿತ, ತ್ರಿಪುರಾಂಬ ಸುಲೋಚನೆ, ನಾಗೇಂದ್ರರಾಯರು ರಾವಣ. 1934ರ ಮಾರ್ಚ್ 3ಕ್ಕೆ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಜನ ಮುಗಿಬಿದ್ದು ನೋಡಿದರು. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ಕನ್ನಡ ಸಿನಿಮಾದ ಬಾಯಿ ಮೊದಲು ತೆರೆದದ್ದು ಕೊಲ್ಹಾಪುರದ ನೆಲದಲ್ಲಿ, ಆ ಮೊದಲ ಮಾತೇ ಕಳೆದುಹೋಗಿದೆ. ಹಿಂದಿಯ ಮೊದಲ ಮಾತಿನ ಚಿತ್ರ ‘ಆಲಂ ಆರಾ’ದ್ದೂ ಅದೇ ಗತಿ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಅಷ್ಟರಲ್ಲಿ ಎಷ್ಟೋ ಹೋಗಿತ್ತು. ಉಳಿದದ್ದರಲ್ಲೂ ಹಳೆಯ ನೈಟ್ರೇಟ್ ರೀಲುಗಳ ಒಂದು ದೊಡ್ಡ ಪಾಲು 2003ರ ಜನವರಿಯಲ್ಲಿ ಪುಣೆಯಲ್ಲೇ ಬೆಂಕಿಗೆ ಬಿತ್ತು. ‘ದೊಡ್ಡವರು ಜೋಪಾನ ಮಾಡತಾರ’ ಎಂದು ಕೈಕಟ್ಟಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಮೂರನೆಯ ಮಾತು, ‘ಇವು ನಮ್ಮವಲ್ಲ’ ಎನ್ನುವುದು. ಪರಲೋಕದ, ಯಂತ್ರದ, ಮುಂದಿನ ಕಾಲದ ಕಥೆ ಕೇವಲ ಇಂಗ್ಲಿಷರದ್ದೇನಲ್ಲ. ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನು ಬರೆದು ಮನೆಮನೆಗೆ ಮುಟ್ಟಿಸಿದ ಖಗೋಳ ವಿಜ್ಞಾನಿ ಜಯಂತ ನಾರಳೀಕರರು 1938ರಲ್ಲಿ ಹುಟ್ಟಿದ್ದು ಕೊಲ್ಹಾಪುರದಲ್ಲೇ. ಕನ್ನಡದಲ್ಲಿ ದೊರೈ-ಭಗವಾನ್ ಜೋಡಿ ರಾಜಕುಮಾರರನ್ನು ಸಿ.ಐ.ಡಿ. 999 ಮಾಡಿ ಒಂದು ಸರಣಿಯನ್ನೇ ತೆಗೆದರು: 1968ರಲ್ಲಿ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ‘ಜೇಡರ ಬಲೆ’ಯಲ್ಲಿ ಎಲ್ಲರೂ ಬೆನ್ನು ಹತ್ತುವುದು ಲೋಹವನ್ನು ಬಂಗಾರ ಮಾಡುವ ವಿಜ್ಞಾನಿಯ ಸೂತ್ರವನ್ನು. ವಿಜ್ಞಾನ ಕಲ್ಪನೆ ಎಂದರೆ ಮತ್ತೇನು? ಹಿಂದಿಯಲ್ಲಿ 2003ರ ‘ಕೋಯಿ ಮಿಲ್ ಗಯಾ’, 2006ರ ‘ಕ್ರಿಶ್’, 2013ರ ‘ಕ್ರಿಶ್ 3’ ಬಂದವು. ಇವನ್ನೆಲ್ಲ ಅನುಕ್ರಮವಾಗಿ ಒಂದೆಡೆ ಇಡುವವರು ಯಾರು? ನಗೆಗೀಡಾದ ಅದೇ ಮಂದಿ.

ಭಾಷೆಯ ದೂರು ಮಾತ್ರ ಖರೇ, ಆದರೆ ಅದನ್ನು ಸಂಗ್ರಹಿಸುವವನ ತಲೆಗೆ ಕಟ್ಟಬೇಡಿರಿ. ಒಂದು ಡಿವಿಡಿಯಲ್ಲಿ 8 ಭಾಷೆಗಳ ಧ್ವನಿ, 32 ಭಾಷೆಗಳ ಅಡಿಬರಹ ಹಿಡಿಯುವಷ್ಟು ಏರ್ಪಾಟು ಇದೆ. ಅಷ್ಟರಲ್ಲಿ ಕನ್ನಡಕ್ಕೆ ಒಂದು ಜಾಗ ಇರಲಿಲ್ಲವೇ? ‘ಜುರಾಸಿಕ್ ಪಾರ್ಕ್’ 1994ರಲ್ಲೇ ಹಿಂದಿಯಲ್ಲಿ ಮಾತಾಡಿತು. ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂದು 1960ರ ದಶಕದಿಂದ ಚಿತ್ರರಂಗದವರು ಅಡ್ಡಗೋಡೆ ಕಟ್ಟಿದ್ದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ಕಾನೂನಿಗೆ ವಿರುದ್ಧ ಎಂದು ಹೇಳುವ ತನಕ ಆ ಗೋಡೆ ಗಟ್ಟಿ ನಿಂತಿತ್ತು. 2022ರಲ್ಲಿ ‘ಅವತಾರ್’ ಎರಡನೆಯ ಭಾಗ ಕನ್ನಡದಲ್ಲೂ ತೆರೆಗೆ ಬಂತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಕೇಳುವ ನಮ್ಮ ಗಡಿಯ ಹುಡುಗರಿಗೆ ವಿಜ್ಞಾನದ ಮಾತು ಮನೆಯ ಭಾಷೆಯಲ್ಲಿ ಸಿಗದೆ ಹೋದದ್ದು ಯಾರಿಂದ ಎಂದು ಈಗ ತಿಳಿಯಿತಲ್ಲ? ಕೊಳ್ಳುವವರು ಇದ್ದರೇ ‘ಕನ್ನಡ ಹಾಕ್ರಿ’ ಎಂದು ಕೇಳುವ ಹಕ್ಕು ಬರುತ್ತದೆ. ಕೊಳ್ಳದವನ ಮಾತನ್ನು ಅಂಗಡಿಯವನು ಕೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಸಂಗ್ರಹಿಸುವವರಿಗೂ ಎರಡು ಮಾತು. ಕೆಲವರು ಪೆಟಗಿ ತರುತ್ತಾರೆ, ಮೇಲಿನ ಪ್ಲಾಸ್ಟಿಕ್ ಸಹ ಬಿಚ್ಚುವುದಿಲ್ಲ. ಶೋಕೇಸಿನಲ್ಲಿ ಇಟ್ಟು ಕೀಲಿ ಹಾಕುತ್ತಾರೆ. ಅದೇ ಸಿನಿಮಾ ತಗಡಿನ ಪೆಟಗಿಯಲ್ಲಿ ಬಂದರೆ ಮತ್ತೆ ಕೊಳ್ಳುತ್ತಾರೆ. ಕಂಪನಿಗೆ ಇದೇ ಬೇಕು: ಒಂದೇ ಸಿನಿಮಾವನ್ನು ಕ್ಯಾಸೆಟ್ಟಿನಲ್ಲಿ, ವಿಸಿಡಿಯಲ್ಲಿ, ಡಿವಿಡಿಯಲ್ಲಿ, ಬ್ಲೂ-ರೇಯಲ್ಲಿ ನಾಲ್ಕು ಸಲ ಮಾರಿತು. ಯಾರೂ ನೋಡದ ಡಿಸ್ಕಿಗೂ ಕಳೆದುಹೋದ ರೀಲಿಗೂ ಏನು ಫರಕು? ಹಗೇವಿನಲ್ಲಿ ಜೋಳ ಇಟ್ಟು ಮರೆತರೆ ಹುಳಕ್ಕೆ ಊಟ. ಪುಸ್ತಕ ಕೂಡಿಸುವವನನ್ನು ನಾವು ಗೌರವಿಸುವುದು ಅವನು ನಾಲ್ಕು ಮಂದಿಗೆ ಓದಲು ಕೊಟ್ಟಾಗ. ಸಿನಿಮಾಕ್ಕೂ ಅದೇ ಅಳತೆ ಇರಲಿ.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟ. ನಮ್ಮ ವಾಚನಾಲಯದಲ್ಲಿ ಒಂದು ಕಪಾಟು ಈ ಪೆಟಗಿಗಳಿಗೆ ಬಿಡಬೇಕು. ಊರಿನವರಲ್ಲಿ, ಊರು ಬಿಟ್ಟು ಪುಣೆ ಮುಂಬಯಿ ಸೇರಿದವರಲ್ಲಿ ಇದ್ದದ್ದನ್ನು ಕೇಳಿ ತರಬೇಕು. ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿದ ಕಾಲದಲ್ಲಿ ಕೊಂಡವು ಎಷ್ಟೋ ಮನೆಗಳ ಅಟ್ಟದ ಮೇಲೆ ಇದ್ದಾವು. ಆ ಕಂಪನಿಯೂ ಈಗ ಇಲ್ಲ. ಅಮೆರಿಕದಲ್ಲಿ ಅಂಚೆಯಿಂದ ಡಿವಿಡಿ ಕಳಿಸಿಯೇ ಬೆಳೆದ ನೆಟ್‌ಫ್ಲಿಕ್ಸ್ 2023ಕ್ಕೆ ಆ ಕೆಲಸ ನಿಲ್ಲಿಸಿತು. ಇನ್ನು ತಡ ಮಾಡಿದರೆ ಅಟ್ಟದ ಮೇಲಿನವು ರದ್ದಿಗೆ ಹೋಗುತ್ತವೆ.

‘ಕಾನೂನಿನ ತೊಡಕು ಬಂದೀತು’ ಎಂದು ಹೆದರುವವರಿಗೆ ಇಷ್ಟು ಹೇಳುತ್ತೇನೆ. ಸರಿಯಾಗಿ ಕೊಂಡ ಡಿಸ್ಕನ್ನು ಲಾಭಕ್ಕಲ್ಲದ ಗ್ರಂಥಾಲಯ ಎರವಲು ಕೊಟ್ಟರೆ ಅದು ವ್ಯಾಪಾರಿ ಬಾಡಿಗೆ ಅಲ್ಲವೆಂದು 2012ರಲ್ಲಿ ತಿದ್ದಿದ ಕಾಪಿರೈಟ್ ಕಾಯ್ದೆಯೇ ಹೇಳುತ್ತದೆ. ಅದೇ ಕಾಯ್ದೆಯ 52ನೆಯ ಕಲಮಿನಂತೆ ಸಾಲಿಯ ಚಟುವಟಿಕೆಯ ಅಂಗವಾಗಿ ಗುರುಗಳು, ಮಕ್ಕಳು, ಅವರ ಪಾಲಕರ ಮುಂದೆ ಸಿನಿಮಾ ತೋರಿಸಬಹುದು. ಚಾವಡಿ ಮುಂದೆ ಪರದೆ ಕಟ್ಟಿ ಊರಿಗೆಲ್ಲ ತೋರಿಸುವುದು ಬೇರೆ, ಅದಕ್ಕೆ ಪರವಾನಗಿ ಬೇಕು. ಕಳ್ಳ ಪ್ರತಿಯಂತೂ ಕಪಾಟಿನೊಳಗೆ ಬರಕೂಡದು.

ಜೋಪಾನ ಮಾಡುವುದೂ ಕಷ್ಟದ್ದಲ್ಲ. ನಮ್ಮ ಮಳೆಗಾಲದ ತೇವ ತಾಗದಂತೆ, ಬಿಸಿಲು ಬೀಳದಂತೆ, ಪುಸ್ತಕದ ಹಾಗೆ ನಿಲ್ಲಿಸಿ ಇಡಬೇಕು. ಧೂಳು ಒರೆಸುವಾಗ ಗೋಲಾಗಿ ಉಜ್ಜದೆ ನಡುವಿನಿಂದ ಅಂಚಿಗೆ ನೇರ ಒರೆಸಬೇಕು. ಹೊರದೇಶದಿಂದ ತರಿಸುವವರು ಪ್ರದೇಶ ಸಂಖ್ಯೆ ನೋಡಬೇಕು. ನಮ್ಮ ದೇಶದ ಡಿವಿಡಿಗೆ ಅದು 5, ಅಮೆರಿಕದ್ದು 1, ನಮ್ಮ ಯಂತ್ರದಲ್ಲಿ ಅದು ಓಡಲಿಕ್ಕಿಲ್ಲ. ಕೆಡದ ಒಂದು ಪ್ಲೇಯರನ್ನೂ ಡಿಸ್ಕಿನಷ್ಟೇ ಜತನ ಮಾಡಬೇಕು. ಬೀಗ ಇದ್ದು ಕೀಲಿ ಇಲ್ಲದಂತಾಗಬಾರದು.

ಗುರುಗಳಿಗೆ ಕೊನೆಯದಾಗಿ ಒಂದು ವಿನಂತಿ. ‘ಜುರಾಸಿಕ್ ಪಾರ್ಕ್’ ಎರಡು ತಾಸಿಗೂ ಮಿಕ್ಕಿದ ಸಿನಿಮಾ, ಅದರಲ್ಲಿ ಡೈನೋಸಾರು ಕಾಣುವುದು ಸುಮಾರು 15 ನಿಮಿಷ ಮಾತ್ರ. ಅದರೊಳಗೂ ಎಷ್ಟೋ ಕಡೆ ಕಂಪ್ಯೂಟರ್ ಅಲ್ಲ, ಮನುಷ್ಯರು ಕೈಯಾರೆ ಕಟ್ಟಿದ ದೊಡ್ಡ ಯಂತ್ರ. ಅದನ್ನು ಕಟ್ಟಿದ್ದು ಹೇಗೆ, ಕುಣಿಸಿದ್ದು ಹೇಗೆ ಎಂದು ತೋರಿಸುವುದು ಪೆಟಗಿಯ ಆ ಹೆಚ್ಚಿನ ಡಿಸ್ಕ್. ಸಿನಿಮಾ ಹುಡುಗನ ಬಾಯಿ ತೆರೆಸುತ್ತದೆ, ಆ ಡಿಸ್ಕ್ ಅವನ ಕಣ್ಣು ತೆರೆಸುತ್ತದೆ. ‘ಇದನ್ನ ನಾನೂ ಮಾಡಬಹುದಲ್ರಿ ಸರ್’ ಎಂದು ಒಬ್ಬ ಹುಡುಗಿ, ಒಬ್ಬ ಹುಡುಗ ಕೇಳಿದರೆ ಕಪಾಟಿನ ಖರ್ಚು ಮುಟ್ಟಿತು. ಕನ್ನಡದ ಮೊದಲ ಮಾತಿನ ಚಿತ್ರವನ್ನು ಈ ಜಿಲ್ಲೆ ಮಾಡಿತು, ಉಳಿಸಿಕೊಳ್ಳಲಿಲ್ಲ. ಈಗ ಮನೆಯಲ್ಲಿದ್ದದ್ದನ್ನಾದರೂ ಉಳಿಸಿಕೊಳ್ಳೋಣ. ಅಟ್ಟ ಹತ್ತಿ ನೋಡ್ರಿ, ಇದ್ದದ್ದನ್ನ ವಾಚನಾಲಯಕ್ಕ ತರ್ರಿ.