ಹೊಳೆಯುವ ಅರಿಶಿನ, ಕೂಸಿನ ಬಟ್ಟಲು

ವಾಶಿಯ ಎಪಿಎಂಸಿ ಮಸಾಲೆ ಮಾರುಕಟ್ಟೆಗೆ ಬಂದಿಳಿಯುವ ಅರಿಶಿನ ಮುಂಬಯಿ, ಠಾಣೆ, ಡೊಂಬಿವಲಿ, ಕಲ್ಯಾಣಗಳ ಅಡುಗೆಮನೆಗಳಿಗೆ ಹಂಚಿಹೋಗುತ್ತದೆ. ಅನ್ನಪ್ರಾಶನ ಮುಗಿದ ಕೂಸಿಗೆ ಅಕ್ಕಿ, ಹೆಸರುಬೇಳೆ ಮೆತ್ತಗೆ ಬೇಯಿಸಿ, ಚಿಟಿಕೆ ಅರಿಶಿನ ಹಾಕಿ, ತುಪ್ಪ ಬಿಟ್ಟು ಕಿವುಚಿ ತಿನ್ನಿಸುವುದು ಇಲ್ಲಿನ ಕನ್ನಡದ ಮನೆಗಳಲ್ಲೂ ಮರಾಠಿ ಮನೆಗಳಲ್ಲೂ ಉಂಟು. ಡಬ್ಬಿಯ ಮಕ್ಕಳ ಆಹಾರಕ್ಕಿಂತ ಮನೆಯದ್ದೇ ಒಳ್ಳೆಯದು ಎಂಬ ಅಜ್ಜಿಯ ಮಾತು ಬಹುಪಾಲು ಸರಿ. ಆದರೆ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂನಂಥ ಭಾರಲೋಹಗಳಿಗೆ ಡಬ್ಬಿ, ಮನೆ ಎಂಬ ಭೇದವಿಲ್ಲ. ಅವು ಬರುವುದು ಮಣ್ಣಿನಿಂದ, ನೀರಿನಿಂದ, ಕೆಲವೊಮ್ಮೆ ದುಡ್ಡಿನ ಆಸೆಯಿಂದ.

ಅರಿಶಿನದ ಕತೆ ಈ ಕೊನೆಯ ಬಗೆಯದು. ಕೊಂಬು ಹೊಳೆದರೆ ಬೆಲೆ ಹೆಚ್ಚು. ಹೊಳಪಿಗಾಗಿ ಕೆಲವೆಡೆ ಲೆಡ್ ಕ್ರೋಮೇಟ್ ಬಳಿಯುತ್ತಾರೆ. ಅದು ಗೋಡೆ, ಪೀಠೋಪಕರಣಗಳ ಪೇಂಟಿಗೆ ಹಾಕುವ ಹಳದಿ. ಅದರೊಳಗಿರುವುದು ಸೀಸ ಮತ್ತು ಕ್ರೋಮಿಯಂ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಟ್ನಾದ ಅರಿಶಿನದ ಮಾದರಿಯಲ್ಲಿ ಗ್ರಾಂಗೆ 1000 ಮೈಕ್ರೊಗ್ರಾಂ ಮೀರಿದ ಸೀಸ ಸಿಕ್ಕಿತು. ನಮ್ಮ ಕಾನೂನಿನ ಮಿತಿ 10. ವಾಶಿಯ ಅರಿಶಿನವೂ ಹಾಗೆಯೇ ಎಂದು ಇದರರ್ಥವಲ್ಲ. ಹಾಗಲ್ಲ ಎಂದು ತಾಯಿಗೆ ಧೈರ್ಯ ಹೇಳಬಲ್ಲ ಫಲಕವೊಂದೂ ಅಂಗಡಿಯ ಮುಂದಿಲ್ಲ ಎಂಬುದೇ ಚಿಂತೆ.

ಇದೇ ಬಣ್ಣ 2023ರಲ್ಲಿ ಅಮೆರಿಕದ ಮಕ್ಕಳ ಹೊಟ್ಟೆ ಸೇರಿತ್ತು. ವಾನಾಬಾನಾ ಹೆಸರಿನ ಸೇಬಿನ ಪ್ಯೂರಿ ಪೊಟ್ಟಣಗಳಿಗೆ ಹಾಕಿದ್ದ ದಾಲ್ಚಿನ್ನಿ ಪುಡಿ ಕಲಬೆರಕೆಯಾಗಿತ್ತು. ಐನೂರಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಗೊತ್ತಾದದ್ದು ಮಕ್ಕಳ ರಕ್ತ ಪರೀಕ್ಷೆಯಿಂದ. ನಮ್ಮಲ್ಲಿ ಎಷ್ಟು ಕೂಸುಗಳ ರಕ್ತದಲ್ಲಿ ಸೀಸವನ್ನು ಹುಡುಕುತ್ತಾರೆ?

ಬಾಯಿಗೆ ಹೋದ ಸೀಸವನ್ನು ದೊಡ್ಡವರ ದೇಹಕ್ಕಿಂತ ಮಗುವಿನ ದೇಹ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಬೆಳೆಯುತ್ತಿರುವ ಮೆದುಳಿಗೆ ಅದರ ಪೆಟ್ಟು. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೈಯಲ್ಲಿ ಕಬ್ಬಿಣದ ಕೊರತೆಯಿದ್ದರೆ ಕರುಳು ಸೀಸವನ್ನು ಇನ್ನಷ್ಟು ಬರಮಾಡಿಕೊಳ್ಳುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 6ರಿಂದ 59 ತಿಂಗಳೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆ. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಅಕ್ಕಿಯ ಸಂಗತಿ ಬೇರೆ. ನೀರು ನಿಂತ ಗದ್ದೆಯಲ್ಲಿ ಭತ್ತದ ಬೇರು ಮಣ್ಣಿನ ಆರ್ಸೆನಿಕ್ ಅನ್ನು ಸುಲಭವಾಗಿ ಎಳೆದುಕೊಳ್ಳುತ್ತದೆ. ಆರ್ಸೆನಿಕ್ ಬಂಗಾಳದ ಬಾಧೆ ಮಾತ್ರವಲ್ಲ: ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರು ಕುಡಿದವರ ಚರ್ಮದ ಮೇಲೆ ಅದರ ಗುರುತು ಮೂಡಿತ್ತು. ಅಮೆರಿಕದ ಆಹಾರ ಇಲಾಖೆ ಮಕ್ಕಳ ಅಕ್ಕಿ ಸೀರಿಯಲ್‌ಗೆ ಕಿಲೋಗೆ 100 ಮೈಕ್ರೊಗ್ರಾಂ ಅಜೈವಿಕ ಆರ್ಸೆನಿಕ್ ಎಂಬ ಮಿತಿ ಹಾಕಿದ್ದು 2020ರಲ್ಲಿ. ಒಂದು ಪಾಲು ಅಕ್ಕಿಗೆ ಆರರಿಂದ ಹತ್ತು ಪಾಲು ನೀರಿಟ್ಟು ಬೇಯಿಸಿ ಬಸಿದರೆ ಆರ್ಸೆನಿಕ್ ಶೇ. 40ರಿಂದ 60ರಷ್ಟು ಇಳಿಯುತ್ತದೆ ಎಂದೂ ಆ ಇಲಾಖೆ ಹೇಳಿದೆ. ಕರಾವಳಿಯ ಮನೆಗಳಲ್ಲಿ ಅನ್ನ ಬಸಿಯುವ ಪದ್ಧತಿ ಹಳೆಯದೇ. ಆದರೆ ಬಸಿದ ತಿಳಿಯನ್ನೇ ಕೂಸಿಗೆ ಕುಡಿಸುವವರು, ಹೊರಬಂದ ಆರ್ಸೆನಿಕ್ ಆ ತಿಳಿಯಲ್ಲೇ ಇರುತ್ತದೆಂದು ತಿಳಿದಿರಬೇಕು.

ಹಾಗೆಂದು ಅಕ್ಕಿ ಬಿಡಬೇಕಿಲ್ಲ, ಗಾಬರಿಯೂ ಬೇಡ. ಮೂರು ಹೊತ್ತೂ ಅಕ್ಕಿಯೇ ಆಗದಿರಲಿ. ಊರಿಂದ ಬಂದ ರಾಗಿಯ ಮಣ್ಣಿ ಒಂದು ದಿನ, ಬೇಳೆ, ಬಾಳೆಹಣ್ಣು, ಮೊಟ್ಟೆ ಇನ್ನೊಂದು ದಿನ. ಒಂದೇ ಆಹಾರದ ವಿಷ ದಿನದಿನವೂ ಸೇರಿ ಗುಡ್ಡೆಯಾಗದಂತೆ ತಡೆಯುವ ಉಪಾಯವಿದು, ಕಬ್ಬಿಣವೂ ಸಿಗುತ್ತದೆ. ಕಣ್ಣು ಕುಕ್ಕುವ ಹಳದಿಯ ಕೊಂಬಿಗಿಂತ ಮಂಕಾದದ್ದು ವಾಸಿ. ಬಣ್ಣ ಬಳಿಯುವುದು ಕೊಂಬಿಗೇ ಆದ್ದರಿಂದ, ಮನೆಯಲ್ಲೇ ಪುಡಿ ಮಾಡಿದೆವೆಂಬ ಸಮಾಧಾನವೊಂದೇ ಸಾಲದು. ಕೂಸಿನ ಅಡುಗೆಗೆ ಸ್ಟೀಲ್ ಪಾತ್ರೆ ಇರಲಿ. ಹಿಂಡಾಲಿಯಂ ಪಾತ್ರೆಗಳು ಸೀಸ ಬಿಡುವ ಸಾಧ್ಯತೆಯ ಬಗ್ಗೆ ಅಮೆರಿಕ ಈಚೆಗೆ ಎಚ್ಚರಿಸಿದೆ. ರೈಲು ಹಳಿಯ ಬದಿ, ಚರಂಡಿ ನೀರಿನಲ್ಲಿ ಬೆಳೆದ ಪಾಲಕ್ ಮಗುವಿಗೆ ಬೇಡ. ಕಣ್ಣಿಗೆ ಹಚ್ಚುವ ಸುರ್ಮಾದಲ್ಲೂ ಸೀಸವಿರುತ್ತದೆ, ಕೂಸು ಕೈಯಿಂದ ಕಣ್ಣುಜ್ಜಿ ಬಾಯಿಗಿಡುತ್ತದೆ.

ಆದರೆ ಇದನ್ನೆಲ್ಲ ತಾಯಂದಿರ ತಲೆಗೇ ಕಟ್ಟುವುದು ಅನ್ಯಾಯ. ಸೀಸ ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. 2024ರಲ್ಲಿ ಮಕ್ಕಳ ಸೀರಿಯಲ್‌ನ ಸಕ್ಕರೆಯ ಬಗ್ಗೆ ದೇಶವೇ ಮಾತಾಡಿತು. ಲೋಹದ ಬಗ್ಗೆ ಅಂಥ ಕೂಗು ಎದ್ದಿಲ್ಲ. ಅಳೆದವರಿದ್ದಾಗ ಬದಲಾವಣೆ ಆಗಿದೆ: 1999ರಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಮುಂಬಯಿಯೂ ಸೇರಿದಂತೆ ಏಳು ನಗರಗಳಲ್ಲಿ ರಕ್ತ ಪರೀಕ್ಷಿಸಿ, 12 ವರ್ಷದೊಳಗಿನ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ ಆಗಿನ ಮಿತಿ ದಾಟಿದೆ ಎಂದಿತು. ಮರುವರ್ಷವೇ ದೇಶವಿಡೀ ಸೀಸರಹಿತ ಪೆಟ್ರೋಲ್ ಬಂತು. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಆಹಾರದ ಕಂಪನಿಗಳು ಪ್ರತಿ ತಿಂಗಳ ಪರೀಕ್ಷೆಯ ಫಲಿತಾಂಶವನ್ನು 2025ರಿಂದ ಜನರ ಮುಂದಿಡಲೇಬೇಕು. ಇಲ್ಲಿನ ಕಂಪನಿಗಳನ್ನೂ ಆ ಲೆಕ್ಕ ಕೇಳಬೇಕು.

ಮಾರುಕಟ್ಟೆಗೆ ಬಾಂಗ್ಲಾದೇಶವೇ ಪಾಠ. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸವಿತ್ತು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರದೊಂದಿಗೆ ಅಧಿಕಾರಿಗಳು ಢಾಕಾದ ಸಗಟು ಪೇಟೆಗೆ ನುಗ್ಗಿ ದಾಸ್ತಾನು ವಶಪಡಿಸಿಕೊಂಡರು, ವ್ಯಾಪಾರಿಗಳಿಗೆ ದಂಡ ಹಾಕಿದರು, ಪತ್ರಿಕೆ, ಟಿವಿಗಳಲ್ಲಿ ಸುದ್ದಿ ಹರಡಿದರು. 2021ರ ಹೊತ್ತಿಗೆ ಆ ಪ್ರಮಾಣ ಸೊನ್ನೆಗಿಳಿದಿತ್ತು. ಆ ಯಂತ್ರ ಒಂದು ಚೀಲದ ಲೆಕ್ಕ ಹೇಳಲು ಕೆಲವೇ ನಿಮಿಷ ಸಾಕು. ವಾಶಿಯ ಮಸಾಲೆ ಮಾರುಕಟ್ಟೆಯ ಬಾಗಿಲಲ್ಲಿ ಅಂಥದೊಂದನ್ನಿಟ್ಟು, ಆ ದಿನದ ಫಲಿತಾಂಶವನ್ನು ದರಪಟ್ಟಿಯ ಪಕ್ಕದಲ್ಲಿ ಮರಾಠಿ, ಹಿಂದಿ, ಕನ್ನಡ, ಗುಜರಾತಿಗಳಲ್ಲಿ ಬರೆದು ತೂಗುಹಾಕಲಿ.