ವಿದೇಶ ಪ್ರವಾಸಕ್ಕೆ ಇನ್ನು ಯಾವ ಲಸಿಕೆ ಪ್ರಮಾಣಪತ್ರವೂ ಬೇಡವೇ?

'ಕೊರೊನಾ ನಿಯಮಗಳೆಲ್ಲ ಹೋದವು, ಪಾಸ್‌ಪೋರ್ಟ್, ವೀಸಾ ಇದ್ದರೆ ಸಾಕು' ಎಂಬ ಸಲಹೆ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದು ಅರ್ಧ ಸತ್ಯ. ಕೊರೊನಾ ನಿರ್ಬಂಧಗಳು ಹೋಗಿರುವುದು ನಿಜ. ಆದರೆ ಹಳದಿ ಜ್ವರದ (ಯೆಲ್ಲೋ ಫೀವರ್) ನಿಯಮ ಕೊರೊನಾಗಿಂತ ಎಷ್ಟೋ ಹಳೆಯದು, ಈಗಲೂ ಜಾರಿಯಲ್ಲಿದೆ.

ಕೀನ್ಯಾ, ಉಗಾಂಡ, ನೈಜೀರಿಯ, ಬ್ರೆಜಿಲ್‌ನಂತಹ ದೇಶಗಳಿಂದ ಭಾರತಕ್ಕೆ ಮರಳುವಾಗ ಈ ಲಸಿಕೆಯ ಪ್ರಮಾಣಪತ್ರ ಇರಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ಮನೆಗಲ್ಲ, 6 ದಿನಗಳವರೆಗೆ ಕ್ವಾರಂಟೈನ್‌ಗೆ ಹೋಗಬೇಕಾಗುತ್ತದೆ.

ಇಷ್ಟು ಬಿಗಿ ಏಕೆ? ಈ ಜ್ವರ ಭಾರತದಲ್ಲಿ ಇಲ್ಲ. ಆದರೆ ಅದನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಡೆಂಗಿ, ಚಿಕುನ್‌ಗುನ್ಯಾ ಹರಡುವುದೂ ಇದೇ ಸೊಳ್ಳೆ. ಸೋಂಕಿತರೊಬ್ಬರು ಬಂದರೂ ರೋಗ ಇಲ್ಲಿ ಬೇರೂರುವ ಅಪಾಯವಿದೆ. ವೈರಸ್ ದೇಹ ಹೊಕ್ಕ ಮೇಲೆ ಲಕ್ಷಣ ಕಾಣಲು 3ರಿಂದ 6 ದಿನ ಬೇಕು. 6 ದಿನಗಳ ಲೆಕ್ಕ ಬಂದದ್ದು ಅಲ್ಲಿಂದಲೇ.

'ಲಸಿಕೆ 10 ವರ್ಷಕ್ಕೆ ಮಾತ್ರ' ಎನ್ನುವುದೂ ಹಳೆಯ ಮಾತು. 2016ರ ಜುಲೈ 11ರಿಂದ ಪ್ರಮಾಣಪತ್ರ ಜೀವನಪರ್ಯಂತ ಊರ್ಜಿತ. ಆದರೆ ಅದು ಊರ್ಜಿತವಾಗುವುದು ಲಸಿಕೆ ಪಡೆದ 10 ದಿನಗಳ ನಂತರ. ಹೊರಡುವ ಹಿಂದಿನ ದಿನ ಹಾಕಿಸಿಕೊಂಡರೆ ಸಾಲದು.

ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಹಾಕಿಸಿಕೊಳ್ಳಿ. ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು ಮೊದಲೇ ವೈದ್ಯರಿಗೆ ತಿಳಿಸಬೇಕು.

ಪ್ರವಾಸದ ಸಲಹೆ ಹಂಚುವ ಮುನ್ನ ಅದು ಯಾವ ದೇಶದ್ದು, ಯಾವ ದಿನಾಂಕದ್ದು ಎಂದು ನೋಡಿ. ಎರಡೂ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.